ಜಾಝ್‌ಗೊಂದು ಪದವಿ: ವಿಶ್ವವಿದ್ಯಾಲಯ ಏನನ್ನು ಕಲಿಸಬಲ್ಲದು?

1947ರಲ್ಲಿ ಅಮೆರಿಕದ ಟೆಕ್ಸಸ್ ರಾಜ್ಯದ ಡೆಂಟನ್ ಎಂಬ ಊರಿನ ಶಿಕ್ಷಕರ ಕಾಲೇಜೊಂದು ಜಾಝ್ ಕಲಿತವರಿಗೆ ಪದವಿ ಕೊಡಲು ಮುಂದಾಯಿತು. ಆ ದೇಶದಲ್ಲಿ ಅದೇ ಮೊದಲು. ಅದೇ ಕಾಲೇಜು ಇಂದಿನ ನಾರ್ತ್ ಟೆಕ್ಸಸ್ ವಿಶ್ವವಿದ್ಯಾಲಯ. ಪಠ್ಯಕ್ರಮ ಹಾಕಿಕೊಟ್ಟವರು ಅಲ್ಲಿಯೇ ಓದಿದ್ದ ಸ್ಯಾಕ್ಸೊಫೋನ್ ವಾದಕ ಜೀನ್ ಹಾಲ್. ಜಾಝ್ ಎಂಬ ಹೆಸರು ಪ್ರಮಾಣಪತ್ರದಲ್ಲಿ ಕಾಣಿಸಿಕೊಳ್ಳುವುದು ಆಗ ಮರ್ಯಾದೆಯ ವಿಷಯವಾಗಿರಲಿಲ್ಲ, ಹಾಗಾಗಿ ‘ಡಾನ್ಸ್ ಬ್ಯಾಂಡ್’ ಎಂದು ಬರೆದುಕೊಂಡರು. ಜಾಝ್ ಶಿಕ್ಷಣದ ಚರಿತ್ರೆ ಬರೆಯುವವರು ಇಷ್ಟನ್ನು ತಪ್ಪದೆ ಹೇಳುತ್ತಾರೆ. ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯನ್ನು ಹಲವರು ದಾಟಿ ಹೋಗುತ್ತಾರೆ: ಆ ಕಾಲೇಜಿನಲ್ಲಿ ಅಂದು ಕಪ್ಪು ವಿದ್ಯಾರ್ಥಿಗಳಿಗೆ ಪ್ರವೇಶವೇ ಇರಲಿಲ್ಲ. 1950ರ ದಶಕದ ನಡುವಿನಲ್ಲಿ, ಅದೂ ನ್ಯಾಯಾಲಯದ ಮೆಟ್ಟಿಲು ಹತ್ತಿದ ಮೇಲೆ, ಅಲ್ಲಿನ ಪದವಿ ತರಗತಿಗಳ ಬಾಗಿಲು ಅವರಿಗೆ ತೆರೆಯಿತು. ಯಾವ ಜನ ಈ ಸಂಗೀತವನ್ನು ಹುಟ್ಟಿಸಿದರೋ ಅವರನ್ನು ಹೊರಗಿಟ್ಟ ಕೋಣೆಯಲ್ಲಿ ಅದರ ಮೊದಲ ಪದವಿ ತಯಾರಾಯಿತು.

ಜಾಝ್ ಅನ್ನು ವಿಶ್ವವಿದ್ಯಾಲಯದಲ್ಲಿ ಕಲಿಸಬಹುದೇ ಎಂಬ ಪ್ರಶ್ನೆ ಅಂದಿನಿಂದ ಇಂದಿನವರೆಗೂ ಚರ್ಚೆಯಲ್ಲಿದೆ. ಕೇಳುವ ರೀತಿಯೇ ಸ್ವಲ್ಪ ಸೊಟ್ಟ ಎಂದು ನನಗನ್ನಿಸುತ್ತದೆ. ನುಡಿಸುವುದು ಒಂದು ವಿದ್ಯೆ, ರಚನೆ ಮಾಡುವುದು ಇನ್ನೊಂದು. ಎರಡನ್ನೂ ಒಂದೇ ಗಂಟಿಗೆ ಕಟ್ಟಿ ಕೇಳಿದರೆ ಉತ್ತರ ಸಿಗುವುದಿಲ್ಲ. ಬೇರೆ ಬೇರೆ ಮಾಡಿ ನೋಡಿದರೆ ಚಿತ್ರ ಬಹಳಷ್ಟು ತಿಳಿಯಾಗುತ್ತದೆ: ಬರೆಯುವವರನ್ನು ಬೆಳೆಸುವುದರಲ್ಲಿ ವಿಶ್ವವಿದ್ಯಾಲಯ ಗೆದ್ದಿದೆ, ನುಡಿಸುವವರನ್ನು ಬೆಳೆಸುವುದರಲ್ಲಿ ಅದರ ದಾಖಲೆ ಅಷ್ಟು ನಿಚ್ಚಳವಾಗಿಲ್ಲ.

ಸಂಗೀತ ಶಾಲೆಯೊಳಗೆ ಜಾಝ್ ಮೊದಲು ಕಾಲಿಟ್ಟದ್ದು ಅಮೆರಿಕದಲ್ಲಲ್ಲ, ಜರ್ಮನಿಯಲ್ಲಿ. 1928ರಲ್ಲಿ ಫ್ರಾಂಕ್‌ಫರ್ಟ್‌ನ ಹೋಖ್ ಕನ್ಸರ್ವೇಟರಿಯ ನಿರ್ದೇಶಕ ಬರ್ನ್‌ಹಾರ್ಡ್ ಸೆಕ್ಲೆಸ್ ಜಾಝ್ ತರಗತಿ ತೆರೆದು ಹಂಗೇರಿಯ ಸಂಯೋಜಕ ಮಾತ್ಯಾಶ್ ಶೈಬರ್ ಕೈಗೆ ಒಪ್ಪಿಸಿದರು. ಜರ್ಮನ್ ಸಂಗೀತಕ್ಕೆ ಕಳಂಕ ಬಂತೆಂದು ದೊಡ್ಡ ಗದ್ದಲವೇ ಆಯಿತು. 1933ರಲ್ಲಿ ನಾಝಿಗಳು ಅಧಿಕಾರ ಹಿಡಿದಾಗ ತರಗತಿ ಮುಚ್ಚಿತು; ಯೆಹೂದಿಗಳಾಗಿದ್ದ ಇಬ್ಬರೂ ಕೆಲಸ ಕಳೆದುಕೊಂಡರು, ಶೈಬರ್ ಇಂಗ್ಲೆಂಡಿಗೆ ಹೋಗಿ ನೆಲೆಸಿದರು. ಐದು ವರ್ಷ ಬಾಳಿದ ಆ ಪ್ರಯೋಗಕ್ಕೆ ಉತ್ತರಾಧಿಕಾರಿಗಳು ಕೂಡಲೇ ಸಿಗಲಿಲ್ಲ.

ಹಾಗೆಂದು ಕಾಲೇಜು ಪದವಿ ಬರುವ ಮುಂಚೆ ಜಾಝ್ ಅನ್ನು ಯಾರೂ ಕಲಿಸುತ್ತಿರಲಿಲ್ಲ, ಎಲ್ಲರೂ ಕ್ಲಬ್ಬುಗಳ ಹೊಗೆಯಲ್ಲಿ ತಾವಾಗಿಯೇ ಕಲಿತರು ಎನ್ನುವುದು ಕಟ್ಟುಕತೆ. ಷಿಕಾಗೋದ ಡುಸಾಬಲ್ ಹೈಸ್ಕೂಲಿನಲ್ಲಿ ವಾಲ್ಟರ್ ಡಯಟ್ ಎಂಬ ಕಟ್ಟುನಿಟ್ಟಿನ ಮೇಷ್ಟ್ರಿದ್ದರು. ಜೀನ್ ಆಮನ್ಸ್, ಜಾನಿ ಗ್ರಿಫಿನ್, ಡೈನಾ ವಾಷಿಂಗ್ಟನ್ ಮುಂತಾದವರು ಅವರ ಕೈಕೆಳಗೆ ಪಳಗಿದವರು. ಫಿಸ್ಕ್ ವಿಶ್ವವಿದ್ಯಾಲಯದಲ್ಲಿ ಓದಿದ ಜಿಮ್ಮಿ ಲನ್ಸ್‌ಫರ್ಡ್ ಮೆಂಫಿಸ್‌ನ ಹೈಸ್ಕೂಲಿನಲ್ಲಿ ಪಾಠ ಹೇಳುತ್ತ ತನ್ನ ಹುಡುಗರನ್ನೇ ಸೇರಿಸಿ ಬ್ಯಾಂಡ್ ಕಟ್ಟಿದರು; ಮುಂದೆ ಅದು ಸ್ವಿಂಗ್ ಯುಗದ ಶ್ರೇಷ್ಠ ಬ್ಯಾಂಡುಗಳಲ್ಲಿ ಒಂದಾಯಿತು. ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ 1944ರಲ್ಲಿ ನ್ಯೂಯಾರ್ಕಿನ ಜೂಲಿಯಾರ್ಡ್ ಸಂಗೀತ ಶಾಲೆ ಸೇರಿ, ಸಂಜೆಯಾದರೆ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಪಾರ್ಕರ್‌ರನ್ನು ಹುಡುಕಿಕೊಂಡು ಅಲೆದು, ಮರುವರ್ಷ ಶಾಲೆಯನ್ನೇ ಬಿಟ್ಟರು. ಈ ಕತೆಯನ್ನು ಓದಿಗೆ ಬೆನ್ನು ತಿರುಗಿಸಿದ ಕತೆಯೆಂದು ಹೇಳುವುದುಂಟು. ನಿಜದಲ್ಲಿ ಅವರು ಒಬ್ಬ ಮೇಷ್ಟ್ರನ್ನು ಬಿಟ್ಟು ಇನ್ನೊಬ್ಬ ಮೇಷ್ಟ್ರ ಹತ್ತಿರ ಹೋದರು, ಅಷ್ಟೆ. ಅದೇ ಜೂಲಿಯಾರ್ಡ್ ಜಾಝ್ ವಿಭಾಗ ತೆರೆದದ್ದು 2001ರಲ್ಲಿ.

1940ರ ದಶಕದಲ್ಲಿಯೇ ಪದವಿ ಯಾಕೆ ಬಂತು? ಕಾರಣಗಳು ಸಂಗೀತದ ಹೊರಗಿವೆ. 1944ರ ಜಿ.ಐ. ಬಿಲ್ ಎಂಬ ಕಾನೂನು ಯುದ್ಧದಿಂದ ಮರಳಿದ ಸೈನಿಕರ ಓದಿನ ಖರ್ಚನ್ನು ಸರಕಾರದ ಮೇಲೆ ಹಾಕಿತು. ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ಫಿಲಡೆಲ್ಫಿಯಾದ ಖಾಸಗಿ ಸಂಗೀತ ಶಾಲೆಗಳಲ್ಲಿ ಕಲಿತದ್ದು ಆ ಹಣದಲ್ಲೇ. ಅದೇ 1944ರಲ್ಲಿ ಕುಣಿತವಿರುವ ಕ್ಲಬ್ಬುಗಳ ಮೇಲೆ ಕೇಂದ್ರ ಸರಕಾರ ಶೇ. 30ರ ತೆರಿಗೆ ಹೇರಿತು, ಆಮೇಲೆ ಶೇ. 20ಕ್ಕೆ ಇಳಿಸಿತು. 1946ರ ಕೊನೆಯ ವಾರಗಳಲ್ಲಿ ‘ಬಿಗ್ ಬ್ಯಾಂಡ್’ ಎಂಬ ಹೆಸರಾಂತ ದೊಡ್ಡ ವಾದ್ಯವೃಂದಗಳು ಒಂದರ ಹಿಂದೆ ಒಂದು ಬಾಗಿಲು ಹಾಕಿದವು. ಊರೂರು ಅಲೆಯುತ್ತ ಹಿರಿಯರ ಪಕ್ಕದ ಕುರ್ಚಿಯಲ್ಲಿ ಕೂತು ಕಲಿಯುವ ವ್ಯವಸ್ಥೆ ಕುಸಿಯುತ್ತಿದ್ದ ಗಳಿಗೆಯಲ್ಲಿ, ಫೀಸು ಕಟ್ಟಬಲ್ಲ ಸಾವಿರಾರು ಯುವಕರು ಕಾಲೇಜಿನ ಬಾಗಿಲಲ್ಲಿ ನಿಂತಿದ್ದರು. ಬಾಸ್ಟನ್ನಿನಲ್ಲಿ ಲಾರೆನ್ಸ್ ಬರ್ಕ್ ಎಂಬ ಎಂಜಿನಿಯರ್ 1945ರಲ್ಲಿ ಷಿಲಿಂಗರ್ ಹೌಸ್ ಎಂಬ ಶಾಲೆ ತೆರೆದರು. ಜೋಸೆಫ್ ಷಿಲಿಂಗರ್ ರೂಪಿಸಿದ್ದ, ಸಂಗೀತವನ್ನು ಗಣಿತದಂತೆ ಬಿಡಿಸಿ ತೋರಿಸುವ ಪದ್ಧತಿ ಅಲ್ಲಿನ ಪಾಠ. 1954ರಲ್ಲಿ ಮಗನ ಹೆಸರಿನ ಮೇಲೆ ಅದಕ್ಕೆ ಬರ್ಕ್‌ಲೀ ಎಂದು ಹೆಸರಿಟ್ಟರು.

1957ರಿಂದ 1960ರವರೆಗೆ ಪ್ರತಿ ಆಗಸ್ಟಿನಲ್ಲಿ ಮ್ಯಾಸಚೂಸೆಟ್ಸ್‌ನ ಲೆನಾಕ್ಸ್‌ನಲ್ಲಿ ನಡೆದ ಬೇಸಿಗೆ ಶಾಲೆ ಕೆಲವೇ ವಾರಗಳದ್ದಾದರೂ ನಂತರದ ಹಲವು ಜಾಝ್ ವಿಭಾಗಗಳ ಬೀಜ ಅಲ್ಲಿದೆ. ಪಿಯಾನೊ ವಾದಕ ಜಾನ್ ಲೂಯಿಸ್ ಅದರ ನಿರ್ದೇಶಕರು. ಗುಂಥರ್ ಷುಲರ್, ಜಾರ್ಜ್ ರಸೆಲ್ ಅಧ್ಯಾಪಕರು. 1959ರಲ್ಲಿ ವಿದ್ಯಾರ್ಥಿಗಳಾಗಿ ಬಂದವರ ನಡುವೆ ಆರ್ನೆಟ್ ಕೋಲ್ಮನ್ ಇದ್ದರು, ಡೇವಿಡ್ ಬೇಕರ್ ಎಂಬ ಟ್ರಾಂಬೋನ್ ವಾದಕರೂ ಇದ್ದರು. ಕಾರು ಅಪಘಾತದಲ್ಲಿ ದವಡೆಗೆ ಏಟು ಬಿದ್ದಿದ್ದ ಬೇಕರ್ ಮುಂದೆ ಟ್ರಾಂಬೋನ್ ಬಿಟ್ಟು ಚೆಲ್ಲೊ ಹಿಡಿದರು, ರಚನೆಗಳನ್ನು ಬರೆದರು, 1960ರ ದಶಕದ ಕೊನೆಗೆ ಇಂಡಿಯಾನಾ ವಿಶ್ವವಿದ್ಯಾಲಯದ ಜಾಝ್ ವಿಭಾಗ ಕಟ್ಟಿದರು. ಷುಲರ್ ನ್ಯೂ ಇಂಗ್ಲೆಂಡ್ ಕನ್ಸರ್ವೇಟರಿಯ ಅಧ್ಯಕ್ಷರಾಗಿ 1969ರಲ್ಲಿ ಜಾಝ್ ವಿಭಾಗ ತೆರೆದು ಜಾಕಿ ಬಯರ್ಡ್ ಮತ್ತು ರಸೆಲ್ ಇಬ್ಬರನ್ನೂ ಕರೆತಂದರು.

ಆ ಹೊತ್ತಿಗೆ ನಾಗರಿಕ ಹಕ್ಕುಗಳ ಹೋರಾಟ ವಿಶ್ವವಿದ್ಯಾಲಯಗಳ ಅಂಗಳಕ್ಕೆ ಬಂದಿತ್ತು. ಕಪ್ಪು ಜನರ ಚರಿತ್ರೆ, ಕಲೆಗಳನ್ನು ಪಾಠವಾಗಿಸಿ ಎಂಬ ಒತ್ತಾಯದ ಫಲವಾಗಿ ವೇದಿಕೆಯ ಹಿರಿಯರು ಮೊದಲ ಬಾರಿಗೆ ದೊಡ್ಡ ಸಂಖ್ಯೆಯಲ್ಲಿ ಅಧ್ಯಾಪಕರಾದರು. ಹೋವರ್ಡ್‌ನಲ್ಲಿ ಡೊನಾಲ್ಡ್ ಬರ್ಡ್, ಹಾರ್ಟ್‌ಫರ್ಡ್‌ನಲ್ಲಿ ಜಾಕಿ ಮೆಕ್‌ಲೀನ್, ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಮ್ಯಾಕ್ಸ್ ರೋಚ್ ಮತ್ತು ಆರ್ಚಿ ಷೆಪ್. 1977ರಿಂದ 1981ರಲ್ಲಿ ತೀರಿಕೊಳ್ಳುವವರೆಗೆ ಮೇರಿ ಲೂ ವಿಲಿಯಮ್ಸ್ ಡ್ಯೂಕ್ ವಿಶ್ವವಿದ್ಯಾಲಯದಲ್ಲಿದ್ದರು. 1920ರ ದಶಕದಿಂದ ಜಾಝ್‌ನ ಪ್ರತಿ ತಿರುವಿನಲ್ಲೂ ಪಿಯಾನೊ ಮುಂದೆ ಕೂತಿದ್ದ ಹೆಂಗಸು ಆಕೆ. ಜಾಝ್ ಚರಿತ್ರೆಯ ಪಾಠ ಹೇಳುವಾಗ ತಾನು ಕಂಡದ್ದನ್ನೇ ಹೇಳುತ್ತಿದ್ದರು. ಜಾಝ್ ಶಿಕ್ಷಣದ ಸುವರ್ಣಕಾಲ ಯಾವುದೆಂದು ಕೇಳಿದರೆ ನಾನು ಈ ಹದಿನೈದು ವರ್ಷಗಳನ್ನು ತೋರಿಸುತ್ತೇನೆ.

ಇನ್ನು ಕಲಿಸುವುದೇನು ಎಂಬ ಮಾತಿಗೆ ಬರೋಣ. ರಚನೆಯ ಕಡೆಯಿಂದ ಶುರುಮಾಡುತ್ತೇನೆ.

ಜಾಝ್ ರಚನೆಯ ವಿದ್ಯಾರ್ಥಿ ಮೊದಲ ವರ್ಷಗಳಲ್ಲೇ ಕಲಿಯುವ ಒಂದು ಕೈಚಳಕವಿದೆ, ‘ಡ್ರಾಪ್ ಟೂ’ ಅದರ ಹೆಸರು. ನಾಲ್ಕು ಸ್ವರಗಳು ಒಟ್ಟಿಗೆ ಮೊಳಗುವ ಗುಚ್ಛವನ್ನು ತೆಗೆದುಕೊಳ್ಳಿ: ಸ, ಗ, ಪ, ನಿ. ಮೇಲಿನ ನಿಷಾದ ಒಂದು ಟ್ರಂಪೆಟ್‌ಗೆ, ಉಳಿದ ಮೂರು ಅದರ ಕೆಳಗಿನ ವಾದ್ಯಗಳಿಗೆ. ಸ್ವರಗಳು ಒಂದಕ್ಕೊಂದು ಅಂಟಿಕೊಂಡಂತಿವೆ. ನಾದ ಗಟ್ಟಿಯಾಗಿ, ಸ್ವಲ್ಪ ಇಕ್ಕಟ್ಟಾಗಿ ಕೇಳುತ್ತದೆ. ಈಗ ಮೇಲಿನಿಂದ ಎರಡನೆಯದಾದ ಪಂಚಮವನ್ನು ಒಂದು ಸ್ಥಾಯಿ ಕೆಳಗಿಳಿಸಿ: ಮಂದ್ರ ಪ, ಆಮೇಲೆ ಸ, ಗ, ನಿ. ಸ್ವರಗಳು ಅವೇ ನಾಲ್ಕು. ಆದರೆ ಗುಚ್ಛದ ನಡುವೆ ಗಾಳಿ ಸುಳಿದು ನಾದ ಅಗಲವಾಗುತ್ತದೆ, ಮೇಲಿನ ಸ್ವರ ಹಾಡಿನಂತೆ ತೇಲುತ್ತದೆ. ಇದನ್ನು ಪುಸ್ತಕದಲ್ಲಿ ಓದಿದರೆ ಅರ್ಥವಾಗುತ್ತದೆ. ಆದರೆ ಐದು ಸ್ಯಾಕ್ಸೊಫೋನ್, ನಾಲ್ಕು ಟ್ರಂಪೆಟ್, ನಾಲ್ಕು ಟ್ರಾಂಬೋನ್, ಪಿಯಾನೊ, ಗಿಟಾರ್, ಬಾಸ್, ಡ್ರಮ್ಸ್ ಹೀಗೆ ಹದಿನೇಳು ಜನ ಕೂತ ಕೋಣೆಯಲ್ಲಿ, ತಾನು ನಿನ್ನೆ ರಾತ್ರಿ ಬರೆದ ಪುಟವನ್ನು ಇವತ್ತು ಮಧ್ಯಾಹ್ನ ಅವರು ಊದಿದಾಗ ಆಗುವ ಪಾಠವೇ ಬೇರೆ. ಎರಡನೆಯ ಟ್ರಾಂಬೋನ್‌ಗೆ ಕೊಟ್ಟ ಸ್ವರ ಯಾರಿಗೂ ಕೇಳಿಸಲಿಲ್ಲ, ಡ್ರಮ್ಮರ್‌ಗೆ ತಿರುವು ಬರುವುದು ಗೊತ್ತಾಗಲಿಲ್ಲ, ಟ್ರಂಪೆಟ್ ವಾದಕನಿಗೆ ಉಸಿರೆಳೆಯಲು ಜಾಗವನ್ನೇ ಬಿಟ್ಟಿಲ್ಲ ಎಂಬುದು ಅಲ್ಲಿಯೇ ಬಯಲಾಗುತ್ತದೆ. ಹದಿನೇಳು ಜನರಿಗೆ ಸಂಬಳ ಕೊಟ್ಟು ವಾರವಾರವೂ ಹೊಸ ಹುಡುಗರ ಬರಹ ನುಡಿಸುವ ಬ್ಯಾಂಡು ಇಂದು ಮಾರುಕಟ್ಟೆಯಲ್ಲಿ ಬದುಕಲಾರದು. ಬಿಗ್ ಬ್ಯಾಂಡ್ ಎಂಬ ಮಹಾವಾದ್ಯ ಉಸಿರಾಡುತ್ತಿರುವುದು ಬಹುಮಟ್ಟಿಗೆ ವಿಶ್ವವಿದ್ಯಾಲಯಗಳಲ್ಲಿ. ನಾರ್ತ್ ಟೆಕ್ಸಸ್‌ನಲ್ಲಿ ಅಂಥ ಬ್ಯಾಂಡುಗಳು ಹಲವು. ಅಭ್ಯಾಸದ ಗಂಟೆಯೇ ಅವುಗಳ ಹೆಸರು, ಎಲ್ಲಕ್ಕಿಂತ ಪ್ರಸಿದ್ಧವಾದದ್ದು ಒನ್ ಓ’ಕ್ಲಾಕ್ ಲ್ಯಾಬ್ ಬ್ಯಾಂಡ್.

ಫಲವೂ ಕಣ್ಣ ಮುಂದಿದೆ. ಮಿನೆಸೋಟದ ಸಣ್ಣ ಊರೊಂದರಿಂದ ಬಂದ ಮರಿಯಾ ಷ್ನೈಡರ್ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಓದಿ, 1985ರಲ್ಲಿ ಈಸ್ಟ್‌ಮನ್ ಸ್ಕೂಲ್ ಆಫ್ ಮ್ಯೂಸಿಕ್‌ನಿಂದ ಸ್ನಾತಕೋತ್ತರ ಪದವಿ ಪಡೆದು ನ್ಯೂಯಾರ್ಕಿಗೆ ಬಂದರು. ಅಲ್ಲಿ ಸಂಯೋಜಕ ಗಿಲ್ ಎವನ್ಸ್‌ಗೆ ಸಹಾಯಕಿಯಾದರು, ಬಾಬ್ ಬ್ರುಕ್‌ಮೇಯರ್ ಹತ್ತಿರ ಕಲಿತರು. 2020ರ ‘ಡೇಟಾ ಲಾರ್ಡ್ಸ್’ವರೆಗಿನ ಅವರ ಕೃತಿಗಳನ್ನು ಕೇಳಿದರೆ ಶಾಲೆಯಲ್ಲಿ ಕಲಿತ ಹದವೂ ಹಿರಿಯರ ಹತ್ತಿರ ಕಲಿತ ಧೈರ್ಯವೂ ಬೇರೆ ಬೇರೆಯಾಗಿ ಕೇಳಿಸುವುದಿಲ್ಲ. ಶಾಲೆ ಮುಗಿಸಿದ ಮೇಲೂ ಅವರು ಹಿರಿಯರನ್ನು ಹುಡುಕಿಕೊಂಡು ಹೋದರು ಎಂಬುದನ್ನು ಮರೆಯಬಾರದು.

ನುಡಿಸುವುದರ ಪಾಠಕ್ಕೆ ಬಂದರೆ ಗೊಂದಲ ಶುರು. ಮನೋಧರ್ಮವನ್ನು ನೂರಾರು ಹುಡುಗರ ತರಗತಿಗೆ, ಅಂಕ ಕೊಡಬಹುದಾದ ಪರೀಕ್ಷೆಗೆ ಒಗ್ಗಿಸುವುದು ಹೇಗೆ? 1960ರ ದಶಕದಿಂದೀಚೆಗೆ ಶಾಲೆಗಳು ಕಂಡುಕೊಂಡ ಉತ್ತರವನ್ನು ‘ಕಾರ್ಡ್-ಸ್ಕೇಲ್’ ಸಿದ್ಧಾಂತ ಎನ್ನುತ್ತಾರೆ. ಹಾಡಿನ ಹಿಂದೆ ಸಾಗುವ ಪ್ರತಿಯೊಂದು ಸ್ವರಗುಚ್ಛಕ್ಕೂ ಹೊಂದುವ ಸ್ವರಶ್ರೇಣಿಯೊಂದಿದೆ, ಅದನ್ನು ಗುರುತಿಸಿ ಅದರೊಳಗೆ ಓಡಾಡು ಎಂಬುದು ಸಾರ. ಜಾಝ್‌ನಲ್ಲಿ ಹೆಜ್ಜೆಹೆಜ್ಜೆಗೂ ಎದುರಾಗುವ ‘ಎರಡು-ಐದು-ಒಂದು’ ಎಂಬ ನಡೆಯನ್ನೇ ನೋಡಿ. ರಿ-ಮ-ದ-ಸ ಗುಚ್ಛ ಮೊದಲು, ಪ-ನಿ-ರಿ-ಮ ಆಮೇಲೆ, ಕೊನೆಗೆ ಸ-ಗ-ಪ-ನಿ. ಮೂರೂ ಶಂಕರಾಭರಣದ ಸ್ವರಗಳೇ. ರಿಷಭವನ್ನು ಷಡ್ಜವೆಂದು ಹಿಡಿದರೆ ಖರಹರಪ್ರಿಯ, ಪಂಚಮವನ್ನು ಹಿಡಿದರೆ ಹರಿಕಾಂಭೋಜಿ. ಜಾಝ್ ಶಾಲೆಯ ಹುಡುಗರು ಇವನ್ನು ಡೋರಿಯನ್, ಮಿಕ್ಸೊಲಿಡಿಯನ್ ಎಂದು ಉರುಹಾಕುತ್ತಾರೆ. ನಮ್ಮಲ್ಲಿ ಗ್ರಹಭೇದ ಗೊತ್ತಿರುವವರಿಗೆ ಇದು ಅರೆಗಳಿಗೆಯಲ್ಲಿ ಹೊಳೆಯುತ್ತದೆ. ಇದರ ಕೊರತೆಯೂ ಅಷ್ಟೇ ಬೇಗ ಹೊಳೆಯಬೇಕು: ಆರೋಹಣ ಅವರೋಹಣ ಬಲ್ಲವರಿಗೆಲ್ಲ ರಾಗ ಒಲಿಯುವುದಿಲ್ಲ. ಯಾವ ಸ್ವರದ ಮೇಲೆ ನಿಲ್ಲಬೇಕು, ಯಾವುದನ್ನು ತಡವಾಗಿ ಮುಟ್ಟಬೇಕು, ಎಲ್ಲಿ ಸುಮ್ಮನಿರಬೇಕು ಎಂಬುದನ್ನು ಕಪ್ಪುಹಲಗೆಯ ಮೇಲಿನ ಶ್ರೇಣಿ ಹೇಳುವುದಿಲ್ಲ.

ಈ ಸಿದ್ಧಾಂತಕ್ಕೆ ರೆಕಾರ್ಡುಗಳೂ ಪುಸ್ತಕಗಳೂ ಜೊತೆಯಾದವು. 1967ರಲ್ಲಿ ಜೇಮಿ ಏಬರ್ಸೋಲ್ಡ್ ಹಿಮ್ಮೇಳ ಮಾತ್ರವಿರುವ ರೆಕಾರ್ಡುಗಳನ್ನು ಹೊರತಂದರು. ಸಣ್ಣ ಊರಿನಲ್ಲಿ ಒಂಟಿಯಾಗಿ ಕಲಿಯುವ ಎಷ್ಟೋ ಮಂದಿಗೆ ಅವು ವರವಾದವು. 1970ರ ದಶಕದ ನಡುವೆ ಬರ್ಕ್‌ಲೀ ಆಸುಪಾಸಿನ ಹುಡುಗರು ಹಕ್ಕುಸ್ವಾಮ್ಯದ ಗೊಡವೆಯಿಲ್ಲದೆ ನೂರಾರು ಜಾಝ್ ಹಾಡುಗಳ ಮಟ್ಟು ಬರೆದು ‘ರಿಯಲ್ ಬುಕ್’ ಮಾಡಿದರು. ಕದ್ದುಮುಚ್ಚಿ ಜೆರಾಕ್ಸ್ ಆಗಿ ಲೋಕವೆಲ್ಲ ಹರಡಿದ ಅದು ಕಾನೂನಿನಂತೆ ಅಚ್ಚಾದದ್ದು 2004ರಲ್ಲಿ. ಅಷ್ಟರಲ್ಲಿ ಅದರಲ್ಲಿದ್ದ ತಪ್ಪುಗಳೂ ಪಾಠಾಂತರಗಳಾಗಿ ಹೋಗಿದ್ದವು. ರೆಕಾರ್ಡು ಕೇಳಿ ಕಲಿಯುವವನು ವಾದಕನ ಉಸಿರನ್ನೂ ಕಲಿಯುತ್ತಾನೆ, ಪುಟ ನೋಡಿ ಕಲಿಯುವವನಿಗೆ ಸ್ವರ ಮಾತ್ರ ದಕ್ಕುತ್ತದೆ. ಪದವೀಧರರೆಲ್ಲ ಒಂದೇ ತರಹ ನುಡಿಸುತ್ತಾರೆ, ಬೆರಳು ಚುರುಕಾಗಿದೆ, ಹೇಳುವ ಮಾತಿಲ್ಲ ಎಂದು ಹಿರಿಯರು ದಶಕಗಳಿಂದ ದೂರುತ್ತ ಬಂದಿದ್ದಾರೆ. ಆ ದೂರಿನಲ್ಲಿ ಅರ್ಧಕ್ಕಿಂತ ಹೆಚ್ಚು ಸತ್ಯವಿದೆ.

ಬೇರೆ ದಾರಿ ಇಲ್ಲವೆಂದಲ್ಲ. ಪಿಯಾನೊ ವಾದಕ ಲೆನಿ ಟ್ರಿಸ್ಟಾನೊ ತನ್ನ ಶಿಷ್ಯರಿಗೆ ಸ್ಯಾಕ್ಸೊಫೋನ್ ವಾದಕ ಲೆಸ್ಟರ್ ಯಂಗ್‌ರ ಸೋಲೊಗಳನ್ನು ಮೊದಲು ಬಾಯಲ್ಲಿ ಹಾಡಿಸುತ್ತಿದ್ದರು. ವಾದ್ಯ ಮುಟ್ಟುವುದು ಆಮೇಲೆ. 2021ರಲ್ಲಿ ತೀರಿಕೊಂಡ ಬ್ಯಾರಿ ಹ್ಯಾರಿಸ್ ಯಾವ ಪದವಿಯನ್ನೂ ಕೊಡದ ತರಗತಿಗಳನ್ನು ನ್ಯೂಯಾರ್ಕಿನಲ್ಲಿ ದಶಕಗಟ್ಟಲೆ ನಡೆಸಿದರು. ಪಿಯಾನೊದ ಸುತ್ತ ನಿಂತವರು ಅವರು ಹೇಳಿದ್ದನ್ನು ಹಾಡಿ, ನುಡಿಸಿ, ಮತ್ತೆ ಹಾಡಿ ಕಲಿತರು. ಯುರೋಪಿನಲ್ಲಿ ಕಲೋನ್ 1958ರಲ್ಲಿ, ಆಸ್ಟ್ರಿಯಾದ ಗ್ರಾಟ್ಸ್ 1965ರಲ್ಲಿ ಜಾಝ್ ಪಾಠ ಆರಂಭಿಸಿದ್ದವು. ಆದರೆ ನನಗೆ ಎಲ್ಲಕ್ಕಿಂತ ಕುತೂಹಲ ಹುಟ್ಟಿಸುವುದು 1979ರಲ್ಲಿ ನಾರ್ವೆಯ ಟ್ರೊಂಡ್‌ಹೈಮ್‌ನಲ್ಲಿ ಶುರುವಾದ ವಿಭಾಗ. ಅಲ್ಲಿ ಕಾಗದಕ್ಕಿಂತ ಕಿವಿ ಮೊದಲು. ಹಾಡಿ ಕಲಿ, ಜೊತೆಗಾರರೊಂದಿಗೆ ಕೂತು ಕಲಿ, ಆಮೇಲೆ ನಿನ್ನದನ್ನು ಹುಡುಕು ಎಂಬ ಕ್ರಮ. ಟ್ರಂಪೆಟನ್ನು ಕೊಳಲಿನಷ್ಟು ಮೆತ್ತಗೆ ಊದುವ ಆರ್ವೆ ಹೆನ್ರಿಕ್ಸನ್‌ರಂಥವರು ಅಲ್ಲಿಂದ ಬಂದವರು. ಅವರನ್ನು ಯಾರೂ ಇನ್ನೊಬ್ಬರ ಪ್ರತಿ ಎನ್ನಲಾರರು.

ಯಾರು ಕಲಿಯುತ್ತಾರೆ ಎಂಬ ಪ್ರಶ್ನೆಯೂ ಇದೆ. ಜಾಝ್ ತರಗತಿಗಳು ಬಹುಕಾಲ ಗಂಡಸರ ಕೂಟಗಳಾಗಿದ್ದವು. ರಿಯಲ್ ಬುಕ್ಕಿನಲ್ಲಿ ಹೆಂಗಸರು ರಚಿಸಿದ ಹಾಡುಗಳು ಬೆರಳೆಣಿಕೆಗೆ ಸಿಗುವಷ್ಟಿದ್ದವು. ಡ್ರಮ್ಸ್ ವಾದಕಿ ಟೆರಿ ಲಿನ್ ಕ್ಯಾರಿಂಗ್ಟನ್ 2018ರಲ್ಲಿ ಬರ್ಕ್‌ಲೀಯಲ್ಲಿ ಜಾಝ್ ಮತ್ತು ಲಿಂಗ ನ್ಯಾಯಕ್ಕೆಂದೇ ಒಂದು ಸಂಸ್ಥೆ ಕಟ್ಟಿದರು. 2022ರಲ್ಲಿ ಮಹಿಳೆಯರ 101 ರಚನೆಗಳನ್ನು ‘ನ್ಯೂ ಸ್ಟ್ಯಾಂಡರ್ಡ್ಸ್’ ಎಂದು ಅಚ್ಚು ಹಾಕಿಸಿದರು. ಪಠ್ಯ ಬದಲಾಗದೆ ತರಗತಿ ಬದಲಾಗದು ಎಂಬ ಅವರ ನಂಬಿಕೆ ಸರಿಯಾದದ್ದು.

ಕನ್ನಡ ನಾಡಿಗೂ ಈ ಕತೆಗೂ ನಂಟಿದೆ. ಬಾಸ್ಟನ್ನಿನ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಷಿಲಿಂಗರ್ ಹೌಸ್‌ನಲ್ಲಿ ಓದಿದವರು, ಅದು ಬರ್ಕ್‌ಲೀ ಆದ ಮೇಲೆ ಅಲ್ಲಿಯೇ ಮೇಷ್ಟ್ರಾದವರು. ಆ ಕುರ್ಚಿ ಬಿಟ್ಟು ದಕ್ಷಿಣ ಭಾರತಕ್ಕೆ ಬಂದು ನಾಗಸ್ವರಕ್ಕೆ ಶಿಷ್ಯರಾದರು. 1964ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನ ಟಿ.ಎ.ಎಸ್. ಮಣಿ, ಆರ್.ಎ. ರಮಾಮಣಿ ಅವರೊಂದಿಗೆ ಸೇರಿ 1983ರಲ್ಲಿ ‘ಜ್ಯೋತಿ’ ಧ್ವನಿಮುದ್ರಿಸಿದರು. ಸ್ಪೇನ್ ಮೂಲದ ರಾಫೆಲ್ ರೈನಾ ಬೆಂಗಳೂರಿನಲ್ಲಿ ಕರ್ನಾಟಕ ಸಂಗೀತದ ಲಯಶಾಸ್ತ್ರ ಕಲಿತು ಅದನ್ನು ಆಮ್‌ಸ್ಟರ್‌ಡಾಮ್ ಕನ್ಸರ್ವೇಟರಿಯ ಪಾಠವಾಗಿಸಿದರು, 2015ರಲ್ಲಿ ದೊಡ್ಡ ಪುಸ್ತಕವನ್ನೇ ಬರೆದರು. ಗತಿಭೇದ, ಕೊನ್ನಕ್ಕೋಲು ಇಂದು ಅಲ್ಲಿನ ವಿದ್ಯಾರ್ಥಿಗಳ ಬಾಯಲ್ಲಿವೆ.

ಇನ್ನೊಂದು ನಂಟು ರಕ್ತದ್ದು. ಕರ್ನಾಟಕ ಮೂಲದ ಭೌತವಿಜ್ಞಾನಿಯ ಮಗ ರುದ್ರೇಶ್ ಮಹಾಂತಪ್ಪ 1971ರಲ್ಲಿ ಇಟಲಿಯ ಟ್ರಿಯೆಸ್ಟ್‌ನಲ್ಲಿ ಹುಟ್ಟಿ ಅಮೆರಿಕದ ಕೊಲೊರಾಡೊದಲ್ಲಿ ಬೆಳೆದವರು. ಬರ್ಕ್‌ಲೀಯಲ್ಲಿ ಓದುವಾಗ ಅಣ್ಣ ತಮಾಷೆಗೆಂದು ಒಂದು ರೆಕಾರ್ಡ್ ತಂದುಕೊಟ್ಟ: ಕದ್ರಿ ಗೋಪಾಲನಾಥರ ಸ್ಯಾಕ್ಸೊಫೋನ್ ಕಛೇರಿ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಈ ವಾದ್ಯವನ್ನು ಕಂಡು ಮನಸೋತು, ವರ್ಷಗಟ್ಟಲೆ ಹೆಣಗಿ ಅದರಲ್ಲಿ ಗಮಕ ಹೊರಡಿಸಿದವರು ದಕ್ಷಿಣ ಕನ್ನಡದ ಕದ್ರಿ. ಜಾಝ್ ಶಾಲೆಯ ಸ್ಕೇಲುಗಳಲ್ಲಿ ಮುಳುಗಿದ್ದ ಹುಡುಗನಿಗೆ ತನ್ನದೇ ವಾದ್ಯದಲ್ಲಿ, ತನ್ನ ಹಿರಿಯರ ನಾಡಿನಿಂದ, ಯಾವ ಪಠ್ಯದಲ್ಲೂ ಇರದ ನಾದ ಕೇಳಿಸಿತು. ಮುಂದೆ ಅವರು ಭಾರತಕ್ಕೆ ಬಂದು ಕರ್ನಾಟಕ ಸಂಗೀತ ಅಭ್ಯಾಸ ಮಾಡಿದರು, ಕದ್ರಿಯವರೊಂದಿಗೆ ಜಂಟಿಯಾಗಿ ನುಡಿಸಿದರು. 2008ರ ‘ಕಿನ್ಸ್‌ಮೆನ್’ ಅದರ ಫಲ. ಎರಡು ಆಲ್ಟೊ ಸ್ಯಾಕ್ಸೊಫೋನುಗಳು ಒಂದೇ ಸ್ವರದ ಕಡೆಗೆ ಬೇರೆ ಬೇರೆ ದಾರಿಯಲ್ಲಿ ಬರುವುದನ್ನು ಅದರಲ್ಲಿ ಕೇಳಬೇಕು. ಒಂದು ಜಾರುತ್ತ ಬರುತ್ತದೆ, ಇನ್ನೊಂದು ಮೆಟ್ಟಿಲು ಹತ್ತಿ ಬರುತ್ತದೆ. 2016ರಿಂದ ರುದ್ರೇಶ್ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಜಾಝ್ ನಿರ್ದೇಶಕರಾಗಿ, ಗಣಿತ ವಿಜ್ಞಾನ ಓದಲು ಬಂದ ಮಕ್ಕಳಿಗೂ ಜಾಝ್ ಹೇಳಿಕೊಡುತ್ತಿದ್ದಾರೆ.

ಬೆಂಗಳೂರು, ಮಂಗಳೂರಿನ ಹುಡುಗ ಹುಡುಗಿಯರೂ ಈಗ ಈ ಓದಿಗೆ ಹೊರಡುತ್ತಿದ್ದಾರೆ. ಖರ್ಚಿನ ಮಾತನ್ನು ನೇರವಾಗಿ ಹೇಳಬೇಕು. ಬರ್ಕ್‌ಲೀಯಂಥ ಕಡೆ ಬೋಧನಾ ಶುಲ್ಕವೊಂದೇ ವರ್ಷಕ್ಕೆ 40,000 ಡಾಲರ್ ದಾಟುತ್ತದೆ. ವಿದ್ಯಾರ್ಥಿವೇತನವಿಲ್ಲದೆ ಅಂಥ ಸಾಲ ತಲೆಯ ಮೇಲೆ ಹೊತ್ತು ಜಾಝ್ ವಾದಕನಾಗಿ ಬದುಕುವುದು ತೀರಾ ಕಷ್ಟ. ಜರ್ಮನಿಯ ಸರಕಾರಿ ಸಂಗೀತ ಶಾಲೆಗಳಲ್ಲಿ ಹೆಚ್ಚಿನವು ಶುಲ್ಕ ಕೇಳುವುದಿಲ್ಲ. ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯವಾದರೋ 2017ರಿಂದ ಯುರೋಪಿಯನ್ ಒಕ್ಕೂಟದ ಹೊರಗಿನವರಿಗೆ ಅರ್ಧವರ್ಷಕ್ಕೆ 1,500 ಯೂರೊ ಹಾಕಿದೆ. ಪ್ರವೇಶ ಪರೀಕ್ಷೆಯಲ್ಲಿ ಕೇಳುವುದು ಹೆಚ್ಚುಕಮ್ಮಿ ಎಲ್ಲ ಕಡೆಯೂ ಒಂದೇ: ಒಂದು ಬ್ಲೂಸ್, ಒಂದು ನಿಧಾನದ ಬ್ಯಾಲಡ್, ನಡುಲಯದ ಒಂದು ಸ್ಟ್ಯಾಂಡರ್ಡ್ (ಎಲ್ಲರೂ ನುಡಿಸುವ ಪರಿಚಿತ ಹಾಡು), ನೋಡಿದ ಕೂಡಲೇ ನುಡಿಸಲು ಒಂದು ಪುಟ, ಕಿವಿಯ ಪರೀಕ್ಷೆ. ಶಾಲೆಯ ಹೆಸರಿಗೆ ಮರುಳಾಗುವ ಮೊದಲು ವಿದ್ಯಾರ್ಥಿ ಕೇಳಬೇಕಾದ ಪ್ರಶ್ನೆಗಳೂ ಇವೆ. ಅಲ್ಲಿನ ಮೇಷ್ಟ್ರುಗಳಲ್ಲಿ ಈಗಲೂ ವೇದಿಕೆಯಲ್ಲಿ ನುಡಿಸುವವರೆಷ್ಟು? ವಾರದಲ್ಲಿ ಎಷ್ಟು ಗಂಟೆ ಇತರರೊಂದಿಗೆ ಕೂಡಿ ನುಡಿಸಲು ಸಿಗುತ್ತದೆ? ಸಂಜೆ ಆ ಊರಿನಲ್ಲಿ ಜಾಝ್ ನಡೆಯುತ್ತದೆಯೇ, ವಾದ್ಯ ಹಿಡಿದು ಹೋದ ಹೊಸಬನನ್ನು ಅಲ್ಲಿನ ವೇದಿಕೆಗೆ ಕರೆಯುತ್ತಾರೆಯೇ? ರಚನೆ ಓದುವವರಾದರೆ, ನಾವು ಬರೆದ ಪುಟವನ್ನು ಯಾವ ಬ್ಯಾಂಡ್, ವರ್ಷಕ್ಕೆ ಎಷ್ಟು ಸಲ ನುಡಿಸಿ ತೋರಿಸುತ್ತದೆ?